ನಾಡಿದ್ದು ಮತ್ತೆ ತುಳಿಯಬಹುದೇ? ಬೆಂಗಳೂರಿನ ಹೊಸ ಸೈಕಲ್ ಸವಾರರಿಗೆ ಶ್ರಮ, ವಿಶ್ರಾಂತಿ, ಚೇತರಿಕೆಯ ಆಯ್ಕೆಗಳು

ಭಾನುವಾರ ನಂದಿ ಬೆಟ್ಟ ಹತ್ತಿ ಬಂದೆ. ಸೋಮವಾರ ಕಚೇರಿಯಲ್ಲಿ ಎಲ್ಲರಿಗೂ ಫೋಟೊ ತೋರಿಸಿದೆ. ಕಾಲು ಸ್ವಲ್ಪ ಹಿಡಿದುಕೊಂಡಂತಿತ್ತು, ಹೆಚ್ಚೇನಿಲ್ಲ. ಮಂಗಳವಾರ ಬೆಳಿಗ್ಗೆ ಹಾಲು ತರಲು ಹೊರಟವನು ಬನಶಂಕರಿಯ ನಮ್ಮ ಮನೆಯ ಎರಡನೆಯ ಮಹಡಿಯಿಂದ ನೇರವಾಗಿ ಇಳಿಯಲಾರದೆ, ಕಂಬಿ ಹಿಡಿದು, ಮುಖವನ್ನು ಮೇಲಕ್ಕೆ ಮಾಡಿ, ಒಂದೊಂದೇ ಮೆಟ್ಟಿಲನ್ನು ಪಾದದಿಂದ ತಡಕುತ್ತಾ ಹಿಮ್ಮುಖವಾಗಿ ಇಳಿದೆ. ಕೆಳಗಿನ ಮನೆಯ ಅಜ್ಜಿ ರಂಗೋಲಿ ಬಿಡುತ್ತಿದ್ದವರು ತಲೆಯೆತ್ತಿ, ‘ಎಲ್ಲಿ ಬಿದ್ದೆಯಪ್ಪಾ?’ ಎಂದು ಕೇಳಿದರು. ಎಲ್ಲೂ ಬಿದ್ದಿರಲಿಲ್ಲ. ಸೈಕಲ್ ಕೊಂಡು ಇಪ್ಪತ್ತು ದಿನವಾಗಿತ್ತು, ನನಗೆ ನಲವತ್ತೊಂದು ವರ್ಷವಾಗಿತ್ತು.

ಸ್ನಾಯು ನೋವಿನ ಸ್ವಭಾವವೇ ಇದು. ದುಡಿದ ದಿನ ಸುಮ್ಮನಿರುತ್ತದೆ. 24ರಿಂದ 72 ಗಂಟೆಗಳ ನಡುವೆ ತನ್ನ ನಿಜರೂಪ ತೋರಿಸುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಪೆಡಲ್ ತುಳಿಯುವುದಕ್ಕಿಂತ ಮೆಟ್ಟಿಲು ಮತ್ತು ಇಳಿಜಾರು ಇಳಿಯುವುದೇ ಇಂಥ ನೋವನ್ನು ಹೆಚ್ಚು ತರುತ್ತದೆ. ನಾನು ಬೆಟ್ಟದ ಮೇಲೆ ಟಿಪ್ಪು ಡ್ರಾಪ್ ನೋಡುವ ಉತ್ಸಾಹದಲ್ಲಿ ಸೋತ ಕಾಲಲ್ಲೇ ಮೆಟ್ಟಿಲು ಹತ್ತಿ ಇಳಿದಿದ್ದೆ. ಆದರೆ ಆ ಮಂಗಳವಾರ ನನಗೆ ಒಂದು ಅಳತೆಗೋಲು ಸಿಕ್ಕಿತು. ಎರಡು ಆಯ್ಕೆ ಎದುರಿಗೆ ಬಂದಾಗ ‘ಇವತ್ತು ಇದು ನನ್ನಿಂದ ಆಗುತ್ತದೆಯೇ’ ಎಂದು ಕೇಳುವುದಿಲ್ಲ. ‘ಇದನ್ನು ಮಾಡಿದರೆ ನಾಡಿದ್ದು ಮತ್ತೆ ಸೈಕಲ್ ಹತ್ತಬಹುದೇ’ ಎಂದು ಕೇಳುತ್ತೇನೆ. ಕೆಳಗಿನ ಹೋಲಿಕೆಗಳೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿವೆ. ನಾನು ತರಬೇತುದಾರನಲ್ಲ, ವೈದ್ಯನಲ್ಲ. ಮೊದಲ ವರ್ಷದಲ್ಲಿ ಮಂಡಿ ಕೆಡಿಸಿಕೊಂಡು ಆರು ವಾರ ಮನೆಯಲ್ಲಿ ಕುಳಿತವನು.

ವಾರಕ್ಕೆ ಮೂರು ದಿನವೋ, ಆರು ದಿನವೋ

ಹೊಸಬರಲ್ಲಿ ಹೆಚ್ಚಿನವರು ಆರು ದಿನದ ಕಡೆಗೇ ವಾಲುತ್ತಾರೆ. ಹೊಸ ಸೈಕಲ್, ಹೊಸ ಹೆಲ್ಮೆಟ್, ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವೂ ಯಾರದ್ದಾದರೂ ಸವಾರಿಯ ನಕ್ಷೆ. ಮೊದಲ ತಿಂಗಳು ಆರು ದಿನ ತುಳಿದರೂ ಏನೂ ಆಗುವುದಿಲ್ಲ ಎಂಬುದೇ ಇದರ ತೊಂದರೆ.

ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ರಕ್ತದ ದ್ರವಾಂಶ ಒಂದೆರಡು ವಾರದಲ್ಲೇ ಹೆಚ್ಚುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಮೊದಲ ವಾರ ದಮ್ಮು ಕಟ್ಟಿಸಿದ್ದ ಮೇಲ್ಸೇತುವೆಯ ಏರು ನಾಲ್ಕನೆಯ ವಾರ ಲೆಕ್ಕಕ್ಕೇ ಬರುವುದಿಲ್ಲ. ಸ್ನಾಯುಗಳೊಳಗಿನ ಬದಲಾವಣೆಗೆ ಹಲವು ವಾರ ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟಿ ಹಿಡಿದಿರುವ ಸ್ನಾಯುರಜ್ಜು ಇವೆಲ್ಲಕ್ಕಿಂತ ನಿಧಾನ, ಅದರದ್ದು ತಿಂಗಳುಗಳ ಲೆಕ್ಕ. ಹೀಗಾಗಿ ಎರಡನೆಯ ತಿಂಗಳಲ್ಲಿ ಎದೆ ‘ಇನ್ನೂ ಹೋಗೋಣ’ ಎನ್ನುತ್ತದೆ, ಮಂಡಿ ಇನ್ನೂ ಹಿಂದಿನ ಸಿಗ್ನಲ್‌ನಲ್ಲೇ ನಿಂತಿರುತ್ತದೆ. ನನ್ನ ಎಡಮಂಡಿಯ ಚಿಪ್ಪಿನ ಕೆಳಗೆ ನೋವು ಕಾಣಿಸಿಕೊಂಡದ್ದು ಏಳನೆಯ ವಾರ, ‘ಈಗ ಎಷ್ಟು ಸಲೀಸಾಗಿದೆ’ ಎಂದು ಬೀಗುತ್ತಿದ್ದ ದಿನಗಳಲ್ಲಿ.

ಮೂರು ದಿನದ ವಾರದಲ್ಲಿ ಪ್ರತಿ ಸವಾರಿಯ ನಂತರ ಕನಿಷ್ಠ ಒಂದು ದಿನ ಬಿಡುವಿರುತ್ತದೆ. ಸ್ನಾಯುಗಳಲ್ಲಿ ಖಾಲಿಯಾದ ಸಕ್ಕರೆಯ ದಾಸ್ತಾನು ಸರಿಯಾಗಿ ಉಂಡರೆ ಹೆಚ್ಚೂಕಡಿಮೆ ಒಂದು ದಿನದಲ್ಲಿ ತುಂಬುತ್ತದೆ. ಆ ಒಂದು ದಿನವನ್ನು ಇದು ಕೊಡುತ್ತದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಮೂರೇ ಸವಾರಿಗಳಲ್ಲಿ ಮುಗಿದುಹೋಗುತ್ತದೆ. ವಾರದ ಮಧ್ಯೆ 50 ನಿಮಿಷದ ಎರಡು, ಭಾನುವಾರ ಎರಡು ಗಂಟೆಯ ಒಂದು. ಆರು ದಿನದ ವಾರಕ್ಕೆ ಒಂದೇ ಒಂದು ನಿಜವಾದ ಅನುಕೂಲವಿದೆ: ಅಭ್ಯಾಸ ಬೇಗ ಕೂರುತ್ತದೆ. ದಿನ ಬಿಟ್ಟು ದಿನ ಮಾಡುವ ಕೆಲಸ ತಪ್ಪಿಹೋಗುವುದು ಸುಲಭ ಎನ್ನುವವರು ಆರು ದಿನ ಹೊರಡಲಿ, ಆದರೆ ಅದರಲ್ಲಿ ಮೂರು ದಿನ ಬೀದಿಯ ಕೊನೆಯ ಅಂಗಡಿಯಿಂದ ಸೊಪ್ಪು ತರುವಷ್ಟೇ ದೂರ ಸಾಕು.

ನನ್ನ ಆಯ್ಕೆ ಮೊದಲ ಮೂರು ತಿಂಗಳು ಮೂರು ದಿನ. ನಂತರ ನಾಲ್ಕು. ಪ್ರತಿ ನಾಲ್ಕನೆಯ ವಾರ ದೂರವನ್ನು ಅರ್ಧಕ್ಕೆ ಇಳಿಸುತ್ತೇನೆ. ವಾರದಿಂದ ವಾರಕ್ಕೆ ಹತ್ತು ಶೇಕಡಾಕ್ಕಿಂತ ಹೆಚ್ಚಿಸಬಾರದು ಎಂಬ ಮಾತು ಸವಾರರ ನಡುವೆ ಚಾಲ್ತಿಯಲ್ಲಿದೆ. ಅದು ಕೈಲೆಕ್ಕ, ಶಾಸ್ತ್ರವಲ್ಲ. 20 ಕಿಲೋಮೀಟರಿನವರು 25 ಮಾಡಿಕೊಂಡರೆ ಆಕಾಶ ಕಳಚಿ ಬೀಳುವುದಿಲ್ಲ. ನನ್ನಂತೆ 40ರಿಂದ ನೇರವಾಗಿ 130ಕ್ಕೆ ಹಾರಬಾರದು.

ಪೂರ್ತಿ ರಜೆಯೋ, ಮೆಲ್ಲನೆಯ ಸವಾರಿಯೋ

ನನ್ನ ತಾಯಿ ತುಮಕೂರು ಜಿಲ್ಲೆಯ ರೈತರ ಮನೆಯವರು. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕುಳಿತಿದ್ದ ನನ್ನನ್ನು ನೋಡಿ, ‘ನಮ್ಮೂರಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ, ನಿನಗೆ ವಾರಕ್ಕೊಂದು ಸೋಮವಾರವೂ ಇಲ್ಲವೇ?’ ಎಂದರು. ಬಸವಣ್ಣನ ದಿನವೆಂದು ಸೋಮವಾರ ಎತ್ತು ಹೂಡದ ಪದ್ಧತಿ ನಮ್ಮ ಕಡೆಯ ಎಷ್ಟೋ ಊರುಗಳಲ್ಲಿತ್ತು. ಭಾನುವಾರ ದೂರ ಹೋಗುವ ಬೆಂಗಳೂರಿನ ಸವಾರನಿಗೆ ಇದಕ್ಕಿಂತ ಹೊಂದುವ ರಜೆಯ ದಿನ ಇನ್ನೊಂದಿಲ್ಲ.

ರಜೆಯ ದಿನ ಸುಮ್ಮನೆ ಕೂರುವ ಬದಲು ಅರ್ಧ ಗಂಟೆ ಮೆಲ್ಲಗೆ ತುಳಿದರೆ ಕಾಲಿನ ಬಿಗಿತ ಬೇಗ ಬಿಡುತ್ತದೆ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ರಕ್ತ ಚಲಿಸುತ್ತದೆ, ಮೈ ಹಗುರವೆನಿಸುತ್ತದೆ. ಪ್ರಶ್ನೆ ಬೇರೆಯೇ: ಬೆಂಗಳೂರಿನಲ್ಲಿ ಮೆಲ್ಲಗೆ ತುಳಿಯಲು ಜಾಗವೆಲ್ಲಿ? ಕನಕಪುರ ರಸ್ತೆಯಲ್ಲಿ ಹಿಂದಿನಿಂದ ಬಸ್ಸು ಹಾರ್ನ್ ಹಾಕಿದಾಗ ಯಾವ ಪುಣ್ಯಾತ್ಮನೂ ಮೆಲ್ಲಗೆ ತುಳಿಯಲಾರ. ಊರು ಬೇರೆ ತಟ್ಟೆಯಂತೆ ಸಮತಟ್ಟಾಗಿಲ್ಲ. ಬಸವನಗುಡಿ ಕಡೆಯಿಂದ ಎಲ್ಲಿಗೆ ಹೊರಟರೂ ಒಂದು ಏರು ಕಾದಿರುತ್ತದೆ. ಭಾನುವಾರ ಮೋಟಾರು ವಾಹನಗಳನ್ನು ಬಿಡದ ಕಬ್ಬನ್ ಪಾರ್ಕಿನ ಒಳರಸ್ತೆ ಅಥವಾ ನಿಮ್ಮ ಬಡಾವಣೆಯ ಒಳಗಿನ ಅಡ್ಡರಸ್ತೆಗಳು ಸಿಕ್ಕರೆ ಮೆಲ್ಲನೆಯ ಸವಾರಿ ಒಳ್ಳೆಯದೇ. ಇಲ್ಲವಾದರೆ ಅರ್ಧ ಗಂಟೆ ನಡೆಯಿರಿ.

ಮೆಲ್ಲಗೆ ಎಂದರೆ ಎಷ್ಟು ಮೆಲ್ಲಗೆ? ಪೂರ್ತಿ ವಾಕ್ಯ ಆಡಲು ಬರಬೇಕು. ಒಬ್ಬನೇ ಹೋಗುವವನು ಯಾರೊಂದಿಗೆ ಮಾತಾಡುವುದು? ನಾನು ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತೇನೆ. ‘ಹದಿನೇಳೇಳ್ಲ ನೂರ ಹತ್ತೊಂಬತ್ತು’ ಒಂದೇ ಉಸಿರಿಗೆ ಬಂದರೆ ಸರಿ. ಮಧ್ಯದಲ್ಲಿ ಉಸಿರು ಎಳೆದುಕೊಳ್ಳಬೇಕಾದರೆ ಅದು ವಿಶ್ರಾಂತಿಯ ಸವಾರಿಯಲ್ಲ. ಮೊದಲ ತಿಂಗಳುಗಳಲ್ಲಿ ವಾರದ ಒಟ್ಟು ಸವಾರಿಯ ಬಹುಪಾಲು ಹೀಗೆ ಮಗ್ಗಿ ಹೇಳುವ ವೇಗದಲ್ಲೇ ಇರಲಿ. ಹೊಸಬರು ಸೋಲುವುದು ಇಲ್ಲಿಯೇ. ಮೆಲ್ಲಗೆ ಹೋಗಬೇಕಾದ ದಿನ ಸ್ವಲ್ಪ ಜೋರಾಗಿ ಹೋಗುತ್ತಾರೆ, ಜೋರಾಗಿ ಹೋಗಬೇಕಾದ ದಿನ ಸುಸ್ತಾಗಿ ಸ್ವಲ್ಪ ಮೆಲ್ಲಗೆ ಹೋಗುತ್ತಾರೆ. ಎಲ್ಲ ದಿನವೂ ಒಂದೇ ಸಾರು.

ನಂದಿಯೋ, ದೊಡ್ಡ ಆಲದ ಮರವೋ

ಬೆಂಗಳೂರಿನ ಹೊಸ ಸವಾರನಿಗೆ ನಂದಿ ಬೆಟ್ಟ ಒಂದು ಹರಕೆಯಿದ್ದಂತೆ. ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಬೆಟ್ಟದ ತುದಿ 1,478 ಮೀಟರ್. ಆ ಏರಿನ ಬಹುಪಾಲು ಕೊನೆಯ ಎಂಟು ಕಿಲೋಮೀಟರಿನಲ್ಲೇ ಸುತ್ತಿ ಸುತ್ತಿ ಬರುತ್ತದೆ, ಅದರಲ್ಲೂ ತುದಿ ಹತ್ತಿರವಾದಂತೆ ಕಡಿದಾಗುತ್ತದೆ. ದಕ್ಷಿಣ ಬೆಂಗಳೂರಿನಿಂದ ಹೆಬ್ಬಾಳ, ದೇವನಹಳ್ಳಿ ದಾಟಿ ಹೋಗಿ ಬರುವುದೆಂದರೆ 130 ಕಿಲೋಮೀಟರಿಗೆ ಕಡಿಮೆಯಿಲ್ಲ. ಬೆಟ್ಟಕ್ಕಿಂತ ಹೆಚ್ಚು ಸೋಲಿಸುವುದು ವಾಪಸು ಬರುವಾಗ ಬಳ್ಳಾರಿ ರಸ್ತೆಯ ಬಿಸಿಲು.

ದೊಡ್ಡ ಆಲದ ಮರದ ದಾರಿ ಇದಕ್ಕೆ ತದ್ವಿರುದ್ಧ. ಕೆಂಗೇರಿ ದಾಟಿ ರಾಮೋಹಳ್ಳಿಯ ಕಡೆ ತಿರುಗಿದರೆ ವಾಹನಗಳು ಕಡಿಮೆಯಾಗುತ್ತವೆ, ರಸ್ತೆ ಏರಿಳಿಯುತ್ತದೆಯೇ ಹೊರತು ಎಲ್ಲೂ ಗೋಡೆಯಂತೆ ನಿಲ್ಲುವುದಿಲ್ಲ. ನಮ್ಮ ಮನೆಯಿಂದ ಹೋಗಿ ಬರಲು 50 ಕಿಲೋಮೀಟರಿನೊಳಗೆ. ಸುಸ್ತಾದರೆ ಎಲ್ಲಿಂದ ಬೇಕಾದರೂ ತಿರುಗಿಕೊಳ್ಳಬಹುದು. ಇದೇ ಮುಖ್ಯ. ನಂದಿಯಲ್ಲಿ ಅರ್ಧ ಹತ್ತಿ ತಿರುಗಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ, ಕಾಲು ಬೇಡ ಬೇಡವೆಂದರೂ ತುಳಿಯುತ್ತೇವೆ.

ನಾಡಿದ್ದಿನ ಪ್ರಶ್ನೆ ಕೇಳಿದರೆ ಮೊದಲ ಮೂರು ತಿಂಗಳಿಗೆ ಆಲದ ಮರವೇ. ನಂದಿ ಹತ್ತಲೇಬೇಕು ಎಂಬ ತುಡಿತವಿದ್ದರೆ ಸೈಕಲನ್ನು ಕಾರಿನಲ್ಲಿಟ್ಟು ಬೆಟ್ಟದ ಬುಡದವರೆಗೆ ಹೋಗಿ, ಏರನ್ನು ಮಾತ್ರ ಹತ್ತಿ. ಕೆಲವರು ಇದನ್ನು ಮೋಸವೆನ್ನುತ್ತಾರೆ. ಅನ್ನಲಿ. ಹಿಂದಿನ ಹಲ್ಲುಚಕ್ರಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ ಚೈನು ಹಾಕಿಕೊಂಡು, ಕಾಲು ಹಗುರವಾಗಿ ಬೇಗ ಬೇಗ ತಿರುಗುವಂತೆ ಹತ್ತಿ. ಭಾರದ ಗೇರಿನಲ್ಲಿ ನಿಧಾನವಾಗಿ ಒತ್ತುವುದು ಮಂಡಿಯ ಚಿಪ್ಪಿಗೆ ಬೀಳುವ ಏಟು.

ಐದು ಗಂಟೆಯ ಸವಾರಿಯೋ, ಐದು ಗಂಟೆಯ ನಿದ್ದೆಯೋ

ಈ ಹೋಲಿಕೆಯನ್ನೇ ಮೊದಲು ಬರೆಯಬೇಕಿತ್ತು. ಇದು ತಪ್ಪಿದರೆ ಉಳಿದ ಯಾವುದನ್ನು ಸರಿ ಮಾಡಿಕೊಂಡೂ ಪ್ರಯೋಜನವಿಲ್ಲ.

ಈ ಊರಿನಲ್ಲಿ ಸೈಕಲ್ ತುಳಿಯಬೇಕಾದರೆ ಬೆಳಿಗ್ಗೆ ಏಳರೊಳಗೆ ಮುಗಿಸಬೇಕು, ಆಮೇಲೆ ರಸ್ತೆ ನಮ್ಮದಲ್ಲ. ಏಳಕ್ಕೆ ಮುಗಿಸಲು ಐದಕ್ಕೆ ಏಳಬೇಕು. ಐದಕ್ಕೆ ಏಳುವವನು ರಾತ್ರಿ ಹತ್ತಕ್ಕೆ ಮಲಗಿದರೆ ಏಳು ಗಂಟೆ ನಿದ್ದೆ. ವಯಸ್ಕರಿಗೆ ಹೇಳುವ ಏಳರಿಂದ ಒಂಬತ್ತು ಗಂಟೆಯ ಲೆಕ್ಕದಲ್ಲಿ ಇದು ಕೆಳಗಿನ ಗೆರೆ. ಆದರೆ ಹೊರವರ್ತುಲ ರಸ್ತೆಯ ಕಚೇರಿಯಿಂದ ರಾತ್ರಿ ಒಂಬತ್ತಕ್ಕೆ ಮನೆ ಸೇರಿ, ಊಟ ಮಾಡಿ, ಮಗಳ ಲೆಕ್ಕದ ಪುಸ್ತಕ ನೋಡಿ ಹತ್ತಕ್ಕೆ ಮಲಗುವವರು ಯಾರು? ನಾನು ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುತ್ತಿದ್ದೆ. ಅದನ್ನು ಶಿಸ್ತು ಎಂದುಕೊಂಡಿದ್ದೆ. ಸವಾರಿ ದೇಹಕ್ಕೆ ಕೊಡುವುದು ಬೇಡಿಕೆಯ ಪಟ್ಟಿಯನ್ನು ಮಾತ್ರ. ಸಾಮಾನು ಬಂದು ಕೆಲಸ ನಡೆಯುವುದು ನಿದ್ದೆಯಲ್ಲಿ. ನಾನು ದಿನವೂ ಪಟ್ಟಿ ಕಳಿಸಿ ಅಂಗಡಿಯ ಬಾಗಿಲು ಮುಚ್ಚಿಸುತ್ತಿದ್ದೆ.

ಈಗ ನನ್ನ ನಿಯಮ ಸರಳ. ರಾತ್ರಿ ಹನ್ನೊಂದು ದಾಟಿದರೆ ಬೆಳಗಿನ ಅಲಾರಂ ತೆಗೆಯುತ್ತೇನೆ. ಸವಾರಿ ಹೋಯಿತು, ಅಷ್ಟೆ. ಅದನ್ನು ಮರುದಿನಕ್ಕೆ ಬಡ್ಡಿ ಸೇರಿಸಿ ತುಳಿಯುವುದಿಲ್ಲ. ಚಳಿಗಾಲದಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ: ಜನವರಿ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6:45ರ ಸುಮಾರಿಗೆ, ಜೂನ್ ಆರಂಭಕ್ಕಿಂತ ಮುಕ್ಕಾಲು ಗಂಟೆಗೂ ಹೆಚ್ಚು ತಡ. ಕತ್ತಲಲ್ಲಿ ರಸ್ತೆಗುಂಡಿ ಕಾಣುವುದಿಲ್ಲ. ಸಂಜೆಯ ಸವಾರಿ ಇದಕ್ಕೆ ಪರ್ಯಾಯವಾಗಬಹುದೇ? ನಿದ್ದೆ ಉಳಿಯುತ್ತದೆ, ಆದರೆ ಹೊಗೆ ಮತ್ತು ವಾಹನ ಎರಡೂ ಹೆಚ್ಚು. ತಡರಾತ್ರಿ ದಮ್ಮು ಕಟ್ಟುವಂತೆ ತುಳಿದರೆ ಮೈ ಕಾದು ನಿದ್ದೆಯೂ ಹತ್ತುವುದಿಲ್ಲ. ವಾರದ ಮಧ್ಯೆ ಮನೆಯೊಳಗೇ ಸ್ಟ್ಯಾಂಡಿನ ಮೇಲೆ ಸೈಕಲ್ ಕೂರಿಸಿ 40 ನಿಮಿಷ ತುಳಿಯುವುದು ಅನೇಕರಿಗೆ ಹೊಂದುತ್ತದೆ, ಮಳೆಗಾಲದಲ್ಲಂತೂ ಸರಿ. ನನಗೆ ಗೋಡೆ ನೋಡುತ್ತಾ ತುಳಿಯಲು ಬೇಸರ.

ಚೇತರಿಕೆ ಆಗಿದೆಯೇ ಎಂದು ತಿಳಿಯಲು ಕೈಗಡಿಯಾರವೋ, ಎರಡು ಬೆರಳೋ? ಗಡಿಯಾರ ಕೊಡುವ ಅಂಕಿ ಹೃದಯ ಬಡಿತದಿಂದ ಮಾಡಿದ ಅಂದಾಜು. ಇದ್ದರೆ ನೋಡಿ, ಇಲ್ಲದಿದ್ದರೆ ಕೊಳ್ಳಬೇಕಾಗಿಲ್ಲ. ಎದ್ದ ಕೂಡಲೇ, ಕಾಫಿಗೆ ಮೊದಲು, ಮಲಗಿದಲ್ಲೇ ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯಿರಿ. ನನ್ನದು ಸಾಮಾನ್ಯವಾಗಿ 62. ಎರಡು ದಿನ ಸತತವಾಗಿ 70 ಮುಟ್ಟಿದರೆ ಸೈಕಲನ್ನು ಮುಟ್ಟುವುದಿಲ್ಲ. ಇದಕ್ಕಿಂತ ನಂಬಿಕಸ್ಥ ಸೂಚನೆ ಒಂದಿದೆ: ಮನೆಯವರ ಮೇಲೆ ಕಾರಣವಿಲ್ಲದೆ ರೇಗುವುದು. ಅದನ್ನು ಕ್ಯಾಲೆಂಡರಿನಲ್ಲಿ ಬರೆಯಲು ನನ್ನ ಹೆಂಡತಿಗೆ ಅನುಮತಿ ಬೇಕಾಗಲಿಲ್ಲ.

ಕಚೇರಿಗೆ ಸೈಕಲ್: ಅಭ್ಯಾಸವೋ, ಓಡಾಟವೋ

ಎರಡೂ ಹೌದು, ಹಾಗಾಗಿ ಲೆಕ್ಕ ತಪ್ಪುತ್ತದೆ. ಒಂದು ದಿಕ್ಕಿಗೆ 9 ಕಿಲೋಮೀಟರ್ ಇರುವ ಕಚೇರಿಗೆ ವಾರದಲ್ಲಿ ಮೂರು ದಿನ ಹೋಗಿ ಬಂದರೆ 54 ಕಿಲೋಮೀಟರ್. ಇದನ್ನು ‘ಬರೀ ಓಡಾಟ’ ಎಂದು ಬಿಟ್ಟು, ಅದರ ಮೇಲೆ ಮೂರು ಸವಾರಿ ಹೇರಿಕೊಳ್ಳುವವರು ಬೇಗ ಬಳಲುತ್ತಾರೆ. ಪ್ರತಿ ಸಿಗ್ನಲ್‌ನಲ್ಲಿ ನಿಂತು, ಹಸಿರು ಬಿದ್ದ ಕೂಡಲೇ ಆಟೋಗಳ ಮುಂದೆ ಎದ್ದು ನಿಂತು ತುಳಿಯುವುದು ಸಣ್ಣ ಸಣ್ಣ ಓಟದ ಪಂದ್ಯವೇ. ಕಚೇರಿಗೆ ಹೋಗುವುದಾದರೆ ವಾರದ ಮಧ್ಯದ ಎರಡು ಸವಾರಿಗಳನ್ನು ಅಲ್ಲೇ ಮುಗಿಸಿ, ಸಿಗ್ನಲ್ ಬರುವ ಮೊದಲೇ ಗೇರ್ ಇಳಿಸಿಕೊಳ್ಳಿ. ನಿದ್ದೆಯೂ ಉಳಿಯುತ್ತದೆ.

ಎಳನೀರೋ, ಉಪ್ಪು ಮಜ್ಜಿಗೆಯೋ

ಕಳೆದ ಏಪ್ರಿಲ್‌ನಲ್ಲಿ ಆಲದ ಮರದ ಸವಾರಿಗೆ ಮೊದಲು ತೂಕದ ಯಂತ್ರದ ಮೇಲೆ ನಿಂತೆ: 71.4 ಕೆ.ಜಿ. ಬಂದು, ಬೆವರು ಒರೆಸಿಕೊಂಡು ಮತ್ತೆ ನಿಂತೆ: 70.2. ಕಳೆದದ್ದು 1.2 ಕೆ.ಜಿ., ಅಂದರೆ ಹೆಚ್ಚೂಕಡಿಮೆ 1.2 ಲೀಟರ್ ನೀರು. ದಾರಿಯಲ್ಲಿ ಕುಡಿದ 750 ಮಿಲಿಲೀಟರ್ ಬಾಟಲಿಯನ್ನೂ ಸೇರಿಸಿದರೆ ಮೂರು ಗಂಟೆಯಲ್ಲಿ ಹತ್ತಿರಹತ್ತಿರ ಎರಡು ಲೀಟರ್ ಬೆವರು. ಒಂದೇ ಬಾಟಲಿ ಸಾಕು ಎಂದುಕೊಂಡಿದ್ದವನು ಅವತ್ತಿನಿಂದ ಎರಡು ಬಾಟಲಿ ಕಟ್ಟಿಕೊಂಡೆ. ಈ ಲೆಕ್ಕವನ್ನು ನೀವೂ ಒಮ್ಮೆ ಮಾಡಿ ನೋಡಿ. ಒಬ್ಬೊಬ್ಬರ ಬೆವರು ಒಂದೊಂದು.

ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ, ಅಂದರೆ ಉಪ್ಪು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಸೋಡಿಯಂ ಕಡಿಮೆ. ಬಾಯಾರಿಕೆಗೆ ಎಳನೀರು ಹಿತ. ಉಪ್ಪಿನ ಕೊರತೆ ತುಂಬಲು ಉಪ್ಪು, ಕರಿಬೇವು ಹಾಕಿದ ಮಜ್ಜಿಗೆಯೇ ಮೇಲು, ಸ್ವಲ್ಪ ಪ್ರೋಟೀನೂ ಸಿಗುತ್ತದೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಉಪ್ಪಿನ ವಿಷಯದಲ್ಲಿ ತಮ್ಮ ವೈದ್ಯರ ಮಾತನ್ನೇ ಕೇಳಬೇಕು.

ಒಂದು ಗಂಟೆಯೊಳಗಿನ ಸವಾರಿಗೆ ದಾರಿಯಲ್ಲಿ ತಿನ್ನುವ ಅಗತ್ಯವಿಲ್ಲ. ಅದಕ್ಕಿಂತ ಉದ್ದದ್ದಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಎಂಬುದು ಸಾಮಾನ್ಯ ಲೆಕ್ಕ. ಅಂಗಡಿಯ ಜೆಲ್ ಪೊಟ್ಟಣವೋ, ಬಾಳೆಹಣ್ಣೋ ಎಂದರೆ ಹೊಸಬರಿಗೆ ಬಾಳೆಹಣ್ಣೇ ಸಾಕು. ಏಲಕ್ಕಿ ಬಾಳೆ ಚಿಕ್ಕದು, ಗಂಟೆಗೆ ಮೂರು ಬೇಕಾದೀತು. ಮುಗಿದ ಮೇಲೆ ದರ್ಶಿನಿಯ ಮುಂದೆ ಸೈಕಲ್ ನಿಲ್ಲಿಸಿ ಇಡ್ಲಿ ತಿನ್ನುವುದು ಈ ಊರಿನ ಸವಾರರ ಸಂಪ್ರದಾಯ, ಅದರ ವಿರುದ್ಧ ನಾನು ಮಾತಾಡುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಮಾತ್ರ ಮೊಟ್ಟೆಯೋ ಹೆಸರುಕಾಳಿನ ಉಸಲಿಯೋ ಜೊತೆಗಿರಲಿ, ಬರೀ ಅನ್ನ ಸಾರಿನಲ್ಲಿ ಸ್ನಾಯುವಿಗೆ ಸಿಗುವುದು ಕಡಿಮೆ.

ದುಡ್ಡು ಎಲ್ಲಿ ಹಾಕುವುದು

ಮಂಜುಗಡ್ಡೆಯ ತೊಟ್ಟಿಯಲ್ಲಿ ಕೂರುವುದು ಈಗ ಬೆಂಗಳೂರಿನ ಹೊಸ ಶೋಕಿ. ನೋವು ತುಸು ತಗ್ಗುವುದು ನಿಜ. ಆದರೆ ಭಾರ ಎತ್ತುವ ವ್ಯಾಯಾಮದ ಬೆನ್ನಿಗೇ ಪ್ರತಿಸಲ ಹೀಗೆ ಮಾಡಿದರೆ ಸ್ನಾಯು ಬೆಳೆಯುವುದೂ ತಗ್ಗಬಹುದು. ಹೊಸ ಸವಾರನಿಗೆ ಅದು ಬೇಕಾಗಿಲ್ಲ. ಭಾನುವಾರದ ಎಣ್ಣೆಸ್ನಾನ ಸ್ನಾಯುವನ್ನು ರಿಪೇರಿ ಮಾಡುತ್ತದೆಂದು ನಾನು ವಾದಿಸಲಾರೆ, ಆದರೆ ಆಮೇಲೆ ಬರುವ ಮಧ್ಯಾಹ್ನದ ನಿದ್ದೆಯಂಥದ್ದನ್ನು ಯಾವ ತೊಟ್ಟಿಯೂ ಕೊಡುವುದಿಲ್ಲ. ಮಸಾಜ್ ಯಂತ್ರ, ಕಾಲಿನ ಕೆಳಗಿಟ್ಟು ಉರುಳಿಸಿ ಸ್ನಾಯು ಒತ್ತಿಕೊಳ್ಳುವ ಫೋಮ್ ಉರುಳೆ ಇವೆಲ್ಲ ಇದ್ದರೆ ಹಿತ, ಇಲ್ಲದಿದ್ದರೆ ನಷ್ಟವಿಲ್ಲ.

ಅದೇ ದುಡ್ಡಿಗೆ ಮೆತ್ತೆಯಿರುವ ಒಂದು ಒಳ್ಳೆಯ ಚಡ್ಡಿ ಕೊಳ್ಳಿ, ಸೈಕಲನ್ನು ನಿಮ್ಮ ಅಳತೆಗೆ ಕೂರಿಸಿಕೊಡುವವರ ಬಳಿ ಒಮ್ಮೆ ಹೋಗಿ. ನನ್ನ ಸೀಟು ಎರಡು ಬೆರಳು ಕೆಳಗಿತ್ತು. ಮಂಡಿ ನೋವಿನಲ್ಲಿ ಅದಕ್ಕೂ ಪಾಲಿತ್ತು. ಮನೆಯಲ್ಲೇ ನೋಡಿಕೊಳ್ಳುವ ಉಪಾಯವಿದೆ: ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೇರವಾಗಬೇಕು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ. ನೋವಿನ ಮಾತ್ರೆ ನುಂಗಿ ಸವಾರಿಗೆ ಹೊರಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ನೀರಿಳಿದ ಮೈಯಲ್ಲಿ ಅಂಥ ಕೆಲವು ಮಾತ್ರೆಗಳು ಮೂತ್ರಪಿಂಡಕ್ಕೆ ಹೊರೆ.

ಜ್ವರ ಬಂದಾಗ

ಬರೀ ನೆಗಡಿಯಾಗಿ ಮೂಗು ಸೋರುತ್ತಿದ್ದರೆ ಮೆಲ್ಲಗೆ ತುಳಿಯಬಹುದು. ಜ್ವರ, ಮೈಕೈ ನೋವು, ಎದೆಯ ಕೆಮ್ಮು ಇದ್ದರೆ ಸೈಕಲ್ ಬೇಡ. ಇದರಲ್ಲಿ ಹೋಲಿಕೆಗೆ ಎಡೆಯಿಲ್ಲ. ಮಳೆಗಾಲದ ಬೆಂಗಳೂರಿನಲ್ಲಿ ಡೆಂಗಿ ಇರುವುದರಿಂದ ಜ್ವರವನ್ನು ಸವಾರಿಯ ಸುಸ್ತೆಂದು ತಳ್ಳಿಹಾಕದೆ ರಕ್ತ ಪರೀಕ್ಷೆ ಮಾಡಿಸಿ. ಡೆಂಗಿಯಾದರೆ ವೈದ್ಯರು ಸರಿ ಎನ್ನುವವರೆಗೆ ಬೀಳುವ ಸಾಧ್ಯತೆಯಿರುವ ಯಾವ ಕೆಲಸವೂ ಸಲ್ಲದು. ಪ್ಲೇಟ್‌ಲೆಟ್ ಇಳಿದಿರುವಾಗ ಸಣ್ಣ ಪೆಟ್ಟೂ ದೊಡ್ಡದಾಗಬಹುದು.

ನನಗೆ ಕಳೆದ ವರ್ಷ ಆಗಸ್ಟಿನಲ್ಲಿ ಆಯಿತು. ವೈದ್ಯರು ಒಪ್ಪಿದ ಮೇಲೆ, ನಾಲ್ಕನೆಯ ವಾರ, ಬನಶಂಕರಿ ದೇವಸ್ಥಾನದವರೆಗೆ ಹೊರಟೆ. ಹದಿನೇಳರ ಮಗ್ಗಿ ಐದನೆಯ ಸಾಲಿಗೇ ನಿಂತುಹೋಯಿತು. ಇಳಿದು, ಹೂವಿನ ಅಂಗಡಿಯ ಮುಂದೆ ಸೈಕಲ್ ತಿರುಗಿಸಿ, ತಳ್ಳಿಕೊಂಡು ಮನೆಗೆ ಬಂದೆ. ಒಂದು ದಿನ ಬಿಟ್ಟು ಮತ್ತೆ ಅಷ್ಟೇ ದೂರ ಹೋದೆ. ಅವತ್ತು ಏಳನೆಯ ಸಾಲಿನವರೆಗೆ ಬಂತು.